ಅಪ್‌ಡೇಟ್: ಮೈಸೂರಿನ ಜಯಲಕ್ಷ್ಮಿ ವಿಲಾಸ ಕಟ್ಟಿಸಿದ್ದು ಯಾರು, ಆಮೇಲೆ ಯಾರ ಕೈಗೆ ಹೋಯ್ತು?

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿರುವ ಹಳೆಯ ಬಂಗಲೆ ಜಯಲಕ್ಷ್ಮಿ ವಿಲಾಸದ ಬಗ್ಗೆ ಹಿಂದೆ ಇಲ್ಲಿ ಕೇಳಿದ್ದೆ. 1905ರಲ್ಲಿ ಮಹಾರಾಜ ಚಾಮರಾಜ ಒಡೆಯರು ಮಗಳಿಗಾಗಿ ಕಟ್ಟಿಸಿದರು ಅಂತ ಓದಿದ್ದೆ, ಆದರೆ ಅವರು 1894ರಲ್ಲೇ ತೀರಿಕೊಂಡಿದ್ದರಲ್ವಾ? ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಈಗ ಸ್ಪಷ್ಟವಾಗಿದೆ.

1905ರಲ್ಲಿ ಮನೆ ಕಟ್ಟಿದಾಗ ಪಟ್ಟದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಮನೆ ಅವರ ಅಕ್ಕ ಜಯಲಕ್ಷ್ಮಮ್ಮಣ್ಣಿ ಅವರದು. ಆಕೆ ಚಾಮರಾಜ ಒಡೆಯರ ಹಿರಿಯ ಮಗಳು ಅನ್ನೋದು ನಿಜ, ಗೊಂದಲ ಹುಟ್ಟಿದ್ದೂ ಅಲ್ಲೇ ಇರಬೇಕು. ಅವರ ಪತಿ ಕಾಂತರಾಜ ಅರಸ್ 1919ರಿಂದ 1922ರವರೆಗೆ ಮೈಸೂರಿನ ದಿವಾನರಾಗಿದ್ದರು. ಅಂದರೆ ಇದು ಬರೀ ರಾಜಕುಮಾರಿಯ ಬಂಗಲೆಯಲ್ಲ, ದಿವಾನರ ಕುಟುಂಬದ ಮನೆ ಕೂಡ. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ, ನನಗೆ ಬೇಜಾರಾಗುವುದು ಅದಕ್ಕೇ.

1959ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಇದನ್ನು ಕೊಂಡಿತು. ಕುವೆಂಪು ಆಗ ಕುಲಪತಿ. 1960ರಲ್ಲಿ ಸುತ್ತಲೂ ಮಾನಸಗಂಗೋತ್ರಿ ಶುರುವಾಯಿತು. ಜಾನಪದ ವಸ್ತುಸಂಗ್ರಹಾಲಯ ಬಂದಿದ್ದು 1968ರಲ್ಲಿ. ಆಮೇಲೆ ಕಟ್ಟಡ ತುಂಬಾ ಹಾಳಾಗಿತ್ತು. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿಯಾಗಿ 2006ರಲ್ಲಿ ಮತ್ತೆ ತೆರೆಯಿತು.

ಹೋಗುವವರು ಸುಮ್ನೆ ಹೊರಗಿನಿಂದ ಫೋಟೋ ತೆಗೆದು ಬರಬೇಡಿ. ಮುಂಭಾಗದಲ್ಲಿ ಜೋಡಿ ಕಂಬಗಳ ಮೇಲೆ ಗಜಲಕ್ಷ್ಮಿ ಇದ್ದಾಳೆ. ಕಂಬಗಳು ಯುರೋಪಿನ ಶೈಲಿಯವು, ದೇವಿ ನಮ್ಮವಳು. ಒಳಗೆ ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿ; ಬಿಟ್ಟರೆ ಕೆತ್ತನೆಯ ಮರದ ಬಾಗಿಲುಗಳ ಹತ್ತಿರ ನಿಂತು ನೋಡಿ. ಯಕ್ಷಗಾನದ ವೇಷಭೂಷಣ, ತೊಗಲು ಗೊಂಬೆಗಳಿಗೂ ಸಮಯ ಇಟ್ಟುಕೊಳ್ಳಿ.