ಪದ ಬೇಕು: ಪ್ಲೇ ಆಫ್‌ಗೆ ಮುಂಚಿನ ‘ಪವರ್ ರ‍್ಯಾಂಕಿಂಗ್’ಗೆ ಕನ್ನಡದಲ್ಲಿ ಏನು? (ಭಾನುವಾರದೊಳಗೆ)

ಎಸ್.ವಿ., ಬ್ರಾಂಪ್ಟನ್:

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಭಾನುವಾರ ರಾತ್ರಿಯೊಳಗೆ ಒಂದು ಪದ ಬೇಕು.

ಟೊರಾಂಟೊ ಸುತ್ತಮುತ್ತಲಿನ ಹತ್ತು ಕನ್ನಡ ಮನೆಗಳವರು ಸೇರಿ ಫ್ಯಾಂಟಸಿ ಹಾಕಿ ಲೀಗ್ ಆಡುತ್ತೇವೆ. ದುಡ್ಡು ಕಟ್ಟುವ ಆಟವಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಟೋಬರ್‌ನಲ್ಲಿ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ 32 ತಂಡಗಳ ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತೇವೆ. ಅವರು ನಿಜವಾದ ಪಂದ್ಯಗಳಲ್ಲಿ ಹೊಡೆದ ಗೋಲು, ಕೊಟ್ಟ ಅಸಿಸ್ಟ್ (ಗೋಲಿಗೆ ನೆರವಾದ ಪಾಸ್), ಗೋಲ್‌ಕೀಪರ್ ಗೆದ್ದ ಪಂದ್ಯ ಎಲ್ಲವೂ ನಮ್ಮ ಲೆಕ್ಕಕ್ಕೆ ಬರುತ್ತದೆ. ವಾರಕ್ಕೊಂದು ಜೋಡಿ, ಒಂದು ಮನೆಗೂ ಇನ್ನೊಂದು ಮನೆಗೂ. ಎನ್‌ಎಚ್‌ಎಲ್‌ನ ಲೀಗ್ ಹಂತ ಏಪ್ರಿಲ್ ನಡುವಿಗೆ ಮುಗಿಯುತ್ತದೆ. ಆಮೇಲೆ ಅರ್ಧ ತಂಡಗಳು ಮನೆಗೆ ಹೋಗುವುದರಿಂದ ನಮ್ಮ ಪ್ಲೇ ಆಫ್ ಅನ್ನು ಆ ಹಂತದ ಕೊನೆಯ ಮೂರು ವಾರಗಳಲ್ಲೇ ಆಡಿ ಮುಗಿಸಬೇಕು. ಹತ್ತರಲ್ಲಿ ಆರು ತಂಡ ಒಳಗೆ. ಮೊದಲ ಎರಡಕ್ಕೆ ಬೈ, ಅಂದರೆ ಮೊದಲ ಸುತ್ತು ಆಡದೆಯೇ ಮುಂದಿನ ಸುತ್ತಿಗೆ.

ವಾರಕ್ಕೊಂದು ಪುಟ ಕನ್ನಡದಲ್ಲಿ ಬರೆದು ಎಲ್ಲರಿಗೂ ಕಳಿಸುವುದು ನನ್ನ ಪಾಲಿನ ಕೆಲಸ. ಊರಿಂದ ಬಂದಿರುವ ಅಪ್ಪ ಅಮ್ಮಂದಿರು ಓದುತ್ತಾರೆ, ಇಲ್ಲೇ ಹುಟ್ಟಿದ ಮಕ್ಕಳಿಗೆ ಓದಿ ಹೇಳುತ್ತಾರೆ. ಹಾಗಾಗಿ ಇಂಗ್ಲಿಷನ್ನೇ ತಂದು ಸುರಿಯಲು ಮನಸ್ಸಿಲ್ಲ. ಈ ವಾರ ಆರು ತಂಡಗಳ ‘ಪವರ್ ರ‍್ಯಾಂಕಿಂಗ್’ ಬರೆಯಬೇಕು. ‘ಶ್ರೇಯಾಂಕ’ ಎಂದು ಬರೆದಿದ್ದೆ. ಆದರೆ ಒಂದು, ಎರಡು, ಮೂರು ಎಂಬ ಸೀಡಿಂಗ್‌ಗೂ ಅದೇ ಪದ. ಅಂಕಗಳ ಪಟ್ಟಿ ಬೇರೆಯೇ ಇದೆ. ಮೂರೂ ಒಂದೇ ಪುಟದಲ್ಲಿ ಬರುತ್ತವೆ, ಮೂರೂ ಬೇರೆ ಬೇರೆ. ಅಂಕಪಟ್ಟಿ ಆಗಿಹೋದದ್ದರ ಲೆಕ್ಕ, ಸೀಡಿಂಗ್ ಯಾರಿಗೆ ಯಾರು ಎದುರು ಎಂಬ ನಿಯಮ. ಈ ಮೂರನೆಯದು ನನ್ನ ಅಂದಾಜು: ಇವತ್ತಿನ ಸ್ಥಿತಿಯಲ್ಲಿ ಯಾವ ತಂಡಕ್ಕೆ ಎಷ್ಟು ಕಸುವಿದೆ ಎಂಬುದು.

ಕೆ.ಎನ್., ಮೈಸೂರು:

‘ಶ್ರೇಯಾಂಕ’ ಅಪಶಬ್ದ. ಶ್ರೇಯಸ್ ಎಂಬುದು ಸಕಾರಾಂತ. ಅದರ ಮುಂದೆ ಅಕಾರ ಬಂದರೆ ಓಕಾರ ಬರಬೇಕು. ಶ್ರೇಯೋಭಿವೃದ್ಧಿ ಎನ್ನುತ್ತೀರಿ, ಮನೋಭಿಲಾಷೆ ಎನ್ನುತ್ತೀರಿ. ಯಾರೂ ‘ಶ್ರೇಯಾಭಿವೃದ್ಧಿ’ ಎನ್ನುವುದಿಲ್ಲ. ಆದ್ದರಿಂದ ಶ್ರೇಯೋಂಕ. ಪತ್ರಿಕೆಯವರು ತಪ್ಪಾಗಿ ಅಚ್ಚು ಹಾಕಿದರೆಂದು ಬಳಗದವರೂ ಅದನ್ನೇ ಹಿಡಿದುಕೊಳ್ಳುವುದು ಬೇಡ.

ಡಿ.ಎಂ., ಬೆಂಗಳೂರು (ಕ್ರೀಡಾ ವಿಭಾಗ):

ಕೇಳಿದ್ದು ಅದಲ್ಲ ಸಾರ್.

ಬ್ರಾಂಪ್ಟನ್‌ನವರಿಗೆ: ನಮ್ಮ ಪುಟದಲ್ಲಿ ನಡೆದುಬಂದಿರುವುದು ಹೀಗೆ. ಟೆನಿಸ್‌ನಲ್ಲಿ ಸೀಡ್‌ಗೆ ಶ್ರೇಯಾಂಕ: ‘ಅಗ್ರ ಶ್ರೇಯಾಂಕದ ಆಟಗಾರ್ತಿ’, ‘ಶ್ರೇಯಾಂಕರಹಿತ ಆಟಗಾರ’. ವಿಶ್ವ ಪಟ್ಟಿಗೆ ರ‍್ಯಾಂಕಿಂಗ್. ಲೀಗ್ ಪಂದ್ಯಗಳ ಪಟ್ಟಿಗೆ ಪಾಯಿಂಟ್ಸ್ ಪಟ್ಟಿ. ‘ಅಂಕಪಟ್ಟಿ’ ಎಂದು ತಲೆಬರಹ ಹಾಕಿದರೆ ಓದುಗರಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ನೆನಪಾಗುತ್ತದೆ. ಪವರ್ ರ‍್ಯಾಂಕಿಂಗ್‌ಗೆ ಪದ ಕಟ್ಟುವ ಅಗತ್ಯವೇ ಇಲ್ಲ, ಇರುವುದನ್ನೇ ತೆಗೆದುಕೊಳ್ಳಿ: ಬಲಾಬಲ. ಫೈನಲ್‌ನ ಹಿಂದಿನ ದಿನ ‘ಉಭಯ ತಂಡಗಳ ಬಲಾಬಲ’ ಅಂತ ಒಂದು ಚೌಕ ಹಾಕುತ್ತೇವಲ್ಲ, ನಿಮಗೆ ಬೇಕಾದ್ದು ಅದೇ. ಬಲವೂ ಬಂತು, ಬಲಹೀನತೆಯೂ ಬಂತು.

ಆರ್.ಬಿ., ಪುತ್ತೂರು:

‘ಅಂಕಪಟ್ಟಿ’ಯನ್ನು ಮಾರ್ಕ್ಸ್ ಕಾರ್ಡ್ ಎಂದು ತಳ್ಳಿಹಾಕಿದ್ದು ಸರಿಯಲ್ಲ. ಅಂಕ ಎಂದರೆ ಬರೀ ಗುರುತು, ಸಂಖ್ಯೆ ಎಂದು ತಿಳಿದವರು ನಮ್ಮ ಕಡೆಯ ಕೋಳಿಅಂಕವನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೆ? ಅಲ್ಲಿ ಅಂಕ ಎಂದರೆ ಕಾಳಗ. ಹಳಗನ್ನಡದ ಅಂಕಕಾರ ಎಂದರೆ ಒಬ್ಬರಿಗೊಬ್ಬರು ಎದುರು ನಿಂತು ಕಾದುವ ವೀರ. ಕಬಡ್ಡಿ ಆಡುವ ಜಾಗವನ್ನು ಇಂದಿಗೂ ಅಂಕಣ ಎನ್ನುತ್ತೇವೆ. ವಾರಕ್ಕೊಂದು ಜೋಡಿ ಎದುರು ಬದುರು ಕಾದುವ ಆಟಕ್ಕೆ ಇದಕ್ಕಿಂತ ಒಪ್ಪುವ ಪದ ಯಾವುದಿದೆ? ಪಟ್ಟಿಗೆ ಅಂಕಪಟ್ಟಿ, ಜೋಡಿಗೆ ಅಂಕ, ಮನೆಯವರಿಗೆ ಅಂಕಕಾರರು. ‘ಪಾಯಿಂಟ್ಸ್’ ಯಾಕೆ?

ಡಿ.ಎಂ., ಬೆಂಗಳೂರು:

ಅಂಕಕಾರರು ಎಂದು ಅಚ್ಚು ಹಾಕಿದರೆ ಅಂಕ ಕೊಡುವ ಮೇಷ್ಟರು ಎಂದೇ ಓದುತ್ತಾರೆ. ಮುಂದಕ್ಕೆ ಹೋಗೋಣ.

ಎಸ್.ವಿ., ಬ್ರಾಂಪ್ಟನ್:

ಡಿ.ಎಂ. ಅವರಿಗೆ ಧನ್ಯವಾದ. ‘ಬಲಾಬಲ’ ನನಗೆ ತಟ್ಟನೆ ಹಿಡಿಸಿತು. ಪುತ್ತೂರಿನವರ ‘ಅಂಕಪಟ್ಟಿ’ಯನ್ನು ಮಾತ್ರ ನಾನು ಉಳಿಸಿಕೊಳ್ಳುತ್ತೇನೆ. ಅದಕ್ಕೆ ವ್ಯುತ್ಪತ್ತಿ ಕಾರಣವಲ್ಲ. ಐಸ್ ಹಾಕಿಯಲ್ಲಿ ತಂಡಕ್ಕೂ ಪಾಯಿಂಟ್ ಇದೆ, ಆಟಗಾರನಿಗೂ ಪಾಯಿಂಟ್ ಇದೆ. ತಂಡಕ್ಕೆ ಗೆದ್ದರೆ ಎರಡು, ಹೆಚ್ಚುವರಿ ಅವಧಿಯಲ್ಲಿ ಸೋತರೆ ಒಂದು. ಆಟಗಾರನಿಗೆ ಗೋಲು ಮತ್ತು ಅಸಿಸ್ಟ್ ಕೂಡಿಸಿದ ಮೊತ್ತ. 2023–24ರಲ್ಲಿ ಲೀಗ್ ಹಂತದ ಅಗ್ರಸ್ಥಾನ ಪಡೆದ ನ್ಯೂಯಾರ್ಕ್ ರೇಂಜರ್ಸ್ ತಂಡದ ಪಾಯಿಂಟ್ 114, ಅದೇ ವರ್ಷ ಟ್ಯಾಂಪಾ ಬೇ ತಂಡದ ನಿಕಿತಾ ಕುಚೆರೊವ್ ಒಬ್ಬರದೇ 144: ಗೋಲು 44, ಅಸಿಸ್ಟ್ 100. ಎರಡಕ್ಕೂ ‘ಪಾಯಿಂಟ್ಸ್’ ಎಂದು ಬರೆದರೆ ಒಬ್ಬ ಆಟಗಾರ ಇಡೀ ತಂಡವನ್ನು ಮೀರಿಸಿದ ಹಾಗೆ ಕಾಣುತ್ತದೆ. ಆದ್ದರಿಂದ ತಂಡಕ್ಕೆ ಅಂಕ, ಆಟಗಾರನಿಗೆ ಪಾಯಿಂಟ್.

ಬಸು, ಹುಬ್ಬಳ್ಳಿ:

ಬಲಾಬಲ ಅಂದ್ರ ಎಲೆಕ್ಷನ್ ಮುಗದ ಮರುದಿನ ‘ವಿಧಾನಸಭೆ: ಪಕ್ಷಗಳ ಬಲಾಬಲ’ ಅಂತ ಬರ್ತದಲ್ರೀ, ಅದು. ಅಲ್ಲಿ ಅದು ಬರೇ ಸೀಟಿನ ಲೆಕ್ಕ, ಯಾರ ಅಂದಾಜೂ ಅಲ್ಲ. ನೀವು ಅಂದಾಜಿಗೆ ಪದ ಕೇಳೀರಿ, ಇವರು ಲೆಕ್ಕದ ಪದ ಕೊಟ್ಟಾರ.

ಇನ್ನೊಂದು ಮಾತು. ‘ಪ್ಲೇ ಆಫ್’ ಯಾಕ್ ಬೇಕ್ರಿ? ನಮ್ಮ ಕಡೆ ಕುಸ್ತಿ ಕಣದಾಗ ನಿಕಾಲಿ ಕುಸ್ತಿ ಅಂತೀವಿ. ಒಬ್ಬ ಚಿತ್ ಆಗೂತನಕ ಬಿಡಂಗಿಲ್ಲ, ಸಮ ಅಂತ ಕೈ ಎತ್ತಿಸಿ ಕಳಸಂಗಿಲ್ಲ. ನಿಮ್ಮ ಕೊನೀ ಮೂರು ವಾರ ಅದೇ ಅಲ್ಲೇನು? ನಿಕಾಲಿ ಸುತ್ತು ಅನ್ರಿ.

ಕೆ.ಎನ್., ಮೈಸೂರು:

ನಿಕಾಲಿ ಹಿಂದೂಸ್ತಾನಿ. ಪ್ಲೇ ಆಫ್ ಇಂಗ್ಲಿಷು. ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಕನ್ನಡಕ್ಕಾದ ಲಾಭವೇನು? ನಿರ್ಣಾಯಕ ಸುತ್ತು ಎನ್ನಿ, ಎಲ್ಲರಿಗೂ ತಿಳಿಯುತ್ತದೆ. ನನ್ನ ‘ಶ್ರೇಯೋಂಕ’ಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಬಸು, ಹುಬ್ಬಳ್ಳಿ:

ಹಿಂದೂಸ್ತಾನಿ ಅಂತ ಬಿಡೂದಾದ್ರ ಕುರ್ಚಿ, ಕಾಗದ, ಕಚೇರಿ ಎಲ್ಲಾ ಬಿಡ್ರಿ. ಆಮ್ಯಾಲ ಮಾತಾಡೂಣು. ನಮ್ಮ ಹಿರ‍್ಯಾರು ಆಡಿದ್ದು ಕನ್ನಡಾನ. ಅದು ಎಲ್ಲಿಂದ ಬಂತು ಅಂತ ಪಾಸ್‌ಪೋರ್ಟ್ ಕೇಳಬ್ಯಾಡ್ರಿ.

ಪಿ.ಎಲ್., ತುಮಕೂರು:

ಇಲ್ಲಿಯ ತನಕ ಬಂದ ಒಂದು ಪದವೂ ಕನ್ನಡದ್ದಲ್ಲ. ಶ್ರೇಯಾಂಕ, ಶ್ರೇಯೋಂಕ, ನಿರ‍್ಣಾಯಕ, ಬಲಾಬಲ ಎಲ್ಲವೂ ಸಂಸ್ಕ್ರುತ. ಇಂಗ್ಲಿಶನ್ನು ಹೊರಗಿಟ್ಟು ಸಂಸ್ಕ್ರುತವನ್ನು ಒಳಗೆ ಕರೆದರೆ ಓದುವ ಮಕ್ಕಳಿಗೆ ಎರಡೂ ಅಶ್ಟೇ ದೂರ. ಬಲ್ಮೆ ಎಂಬ ಒಳ್ಳೆಯ ಪದ ಹಳೆಯ ಕಬ್ಬಗಳಲ್ಲೇ ಇದೆ. ಬಲ್ಮೆಸಾಲು ಎನ್ನಿ. ಸಾಲು ಎಂದ ಮೇಲೆ ಮುಂದಿನವರು, ಹಿಂದಿನವರು ಎಂಬ ಹುರುಳೂ ಬಂತು. ಪ್ಲೇ ಆಪ್‌ಗೆ ಮೇಲ್ಸುತ್ತು. ಸೀಡಿಂಗ್‌ಗೆ ಎಡೆ: ಮೊದಲೆಡೆ, ಎರಡನೆಡೆ. ನುಡಿಯ ಒಳಗಿನಿಂದಲೇ ಕಟ್ಟಬಹುದಾದಾಗ ಸಾಲ ಯಾಕೆ?

ಡಿ.ಎಂ., ಬೆಂಗಳೂರು:

‘ಮೊದಲೆಡೆ’ಯನ್ನು ಓದಿದವರು ನೈವೇದ್ಯಕ್ಕೆ ಎಡೆ ಇಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ಪುಟ ಓದುವವರು ಮಕ್ಕಳು, ಅಜ್ಜಿ ತಾತಂದಿರು. ಬಲ್ಮೆ ಎಂದರೇನು ಎಂದು ಅಡಿಟಿಪ್ಪಣಿ ಹಾಕಬೇಕಾದ ಪದ ಆ ಪುಟಕ್ಕೆ ಬೇಡ.

ಪಿ.ಎಲ್., ತುಮಕೂರು:

ಹೊಸದಾಗಿ ಬಂದಾಗ ಯಾವ ಪದಕ್ಕೆ ಅಡಿಟಿಪ್ಪಣಿ ಬೇಕಿರಲಿಲ್ಲ? ‘ವಿಕೆಟ್’ ಎಂದರೇನು ಎಂದು ಹಳ್ಳಿಯಲ್ಲಿ ಯಾರೋ ಒಬ್ಬರು ಮೊದಲ ಸಲ ಕೇಳಿಯೇ ಕಲಿತಿದ್ದಾರೆ. ಇಂಗ್ಲಿಶ್ ಪದಕ್ಕೆ ಕೊಡುವ ತಾಳ್ಮೆಯನ್ನು ಕನ್ನಡದ ಪದಕ್ಕೂ ಕೊಡಿ ಎಂದಶ್ಟೇ ನನ್ನ ಕೋರಿಕೆ.

ಎಂ.ಸಿ., ಮಡಿಕೇರಿ:

ಇದು ಒಪ್ಪುವಂಥ ಮಾತು. ಆದರೆ ಆಟದ ಮಾತು ಆಡುವವರ ಬಾಯಲ್ಲಿ ಹುಟ್ಟಬೇಕು. 1997ರಿಂದ ಇಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ನಡೆಯುತ್ತಿದೆ. ಒಂದೊಂದು ಮನೆತನದ್ದೂ ಒಂದೊಂದು ತಂಡ. ಅಲ್ಲಿ ಡ್ರಾ ಪಟ್ಟಿಯನ್ನು ಎಲ್ಲರೂ ‘ಟೈಸ್’ ಎನ್ನುತ್ತಾರೆ. ಯಾವ ಪಂಡಿತರೂ ಹೇಳಿಕೊಟ್ಟದ್ದಲ್ಲ, ಯಾರೂ ಗೊಂದಲ ಮಾಡಿಕೊಂಡದ್ದೂ ಇಲ್ಲ.

ಬ್ರಾಂಪ್ಟನ್‌ನವರಲ್ಲಿ ಒಂದು ವಿನಂತಿ. ನಿಮ್ಮ ಪುಟ ಊರಿನ ನೆಂಟರ ಕೈಗೂ ಬರಬಹುದು. ತಲೆಬರಹದಲ್ಲಿ ಐಸ್ ಹಾಕಿ ಎಂದೇ ಹಾಕಿ. ಕನ್ನಡದಲ್ಲಿ ಬರೀ ಹಾಕಿ ಎಂದರೆ ಹುಲ್ಲಿನ ಮೇಲಿನದು, ಹನ್ನೊಂದು ಜನರದು. ಆ ಹೆಸರನ್ನು ನಮಗೇ ಬಿಡಿ.

ಕೆ.ಎನ್., ಮೈಸೂರು:

‘ಬಲಾಬಲ’ದಲ್ಲಿ ವ್ಯಾಕರಣದ ದೋಷವಿಲ್ಲ, ಬಲವೂ ಅಬಲವೂ. ಆದರೆ ‘ಬಲ್ಮೆಪಟ್ಟಿ’, ‘ಶ್ರೇಯಾಂಕಸಾಲು’ ಎಂದೆಲ್ಲ ಬೆರಕೆ ಮಾಡಿದರೆ ಅರಿಸಮಾಸ, ಸಂಸ್ಕೃತಕ್ಕೂ ಕನ್ನಡಕ್ಕೂ ಸಲ್ಲದ ಜೋಡಣೆ. ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ಮಾತ್ರ ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಅದನ್ನು ಬಿಟ್ಟುಕೊಟ್ಟಿದ್ದಾನೆ.

ಆರ್.ಬಿ., ಪುತ್ತೂರು:

ಹಾಗಾದರೆ ಮಳೆಗಾಲವನ್ನೂ ಬಿಡಬೇಕಾಗುತ್ತದೆ. ಇನ್ನು ‘ಶ್ರೇಯೋಂಕ’. ಶ್ರೇಯೋಭಿವೃದ್ಧಿ ಸಿದ್ಧರೂಪದಲ್ಲೇ ಬಂದ ಸಂಸ್ಕೃತ ಸಮಾಸ. ಕನ್ನಡಕ್ಕೆ ಬಂದಮೇಲೆ ಯಶಸ್ ಯಶವಾಯಿತು, ತೇಜಸ್ ತೇಜವಾಯಿತು, ಶ್ರೇಯಸ್ ಶ್ರೇಯವಾಯಿತು. ‘ಗೆಲುವಿನ ಶ್ರೇಯ ಅವರಿಗೆ ಸಲ್ಲಬೇಕು’ ಎಂದು ದಿನವೂ ಬರೆಯುತ್ತೇವೆ. ಆ ಅಕಾರಾಂತ ಶ್ರೇಯಕ್ಕೆ ಅಂಕ ಸೇರಿದರೆ ಸವರ್ಣದೀರ್ಘ, ಶ್ರೇಯಾಂಕ. ಕೊನೆಯ ವ್ಯಂಜನ ಬಿಟ್ಟುಹೋಗುವುದನ್ನು ಕೇಶಿರಾಜನೇ ಹೇಳಿದ್ದಾನಲ್ಲ? ಅವನನ್ನು ಬೇಕಾದಾಗ ಕರೆದು ಬೇಡವಾದಾಗ ಕಳಿಸುವುದು ನ್ಯಾಯವಲ್ಲ.

ಕೆ.ಎನ್., ಮೈಸೂರು:

ಒಪ್ಪುವುದಿಲ್ಲ.

ಎಸ್.ವಿ., ಬ್ರಾಂಪ್ಟನ್:

ಹುಬ್ಬಳ್ಳಿಯವರ ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಲೆಕ್ಕಕ್ಕೂ ಅಂದಾಜಿಗೂ ಒಂದೇ ಪದ ಬಿದ್ದರೆ ಓದುವವರು ಮೋಸಹೋಗುತ್ತಾರೆ. ಎನ್‌ಎಚ್‌ಎಲ್‌ನಲ್ಲೇ ಇದಕ್ಕೆ ಸಾಕ್ಷಿ ಇದೆ. 2018–19ರಲ್ಲಿ ಟ್ಯಾಂಪಾ ಬೇ 62 ಪಂದ್ಯ ಗೆದ್ದು 128 ಅಂಕ ಪಡೆದು ಮೊದಲ ಸುತ್ತಿನಲ್ಲೇ ಕೊಲಂಬಸ್ ಕೈಲಿ ಏಳು ಪಂದ್ಯಗಳ ಸರಣಿಯನ್ನು 4–0ಯಿಂದ ಸೋತಿತು. 2022–23ರಲ್ಲಿ ಬಾಸ್ಟನ್ ಬ್ರೂಯಿನ್ಸ್ 65 ಗೆಲುವು, 135 ಅಂಕ. ಲೀಗ್ ಇತಿಹಾಸದಲ್ಲಿ ಅಷ್ಟು ಅಂಕ ಯಾರೂ ಪಡೆದಿರಲಿಲ್ಲ. ಪ್ಲೇ ಆಫ್‌ಗೆ ಹೇಗೋ ನುಸುಳಿಕೊಂಡು ಬಂದಿದ್ದ ಫ್ಲೋರಿಡಾದ ಅಂಕ ಬರೀ 92. ಮೊದಲ ಸುತ್ತಿನ ಏಳನೆಯ ಪಂದ್ಯದಲ್ಲಿ ಅದರ ಕೈಲೇ ಸೋತು ಬಾಸ್ಟನ್ ಹೊರಬಿತ್ತು, ಫ್ಲೋರಿಡಾ ಫೈನಲ್ ತನಕ ಹೋಯಿತು. ಅಂಕಪಟ್ಟಿ ಅಕ್ಟೋಬರ್‌ನ ಗೆಲುವನ್ನೂ ಏಪ್ರಿಲ್‌ನ ಗೆಲುವನ್ನೂ ಒಂದೇ ತೂಕದಲ್ಲಿ ತೂಗುತ್ತದೆ.

ನಮ್ಮ ಫ್ಯಾಂಟಸಿ ಆಟದಲ್ಲಿ ಈ ಅಂತರ ಇನ್ನೂ ಹೆಚ್ಚು. ಎನ್‌ಎಚ್‌ಎಲ್ ತಂಡವೊಂದಕ್ಕೆ ಒಂದು ವಾರ ನಾಲ್ಕು ಪಂದ್ಯ ಇರುತ್ತದೆ, ಇನ್ನೊಂದು ವಾರ ಎರಡೇ. ಮಂಗಳವಾರ, ಗುರುವಾರ, ಶನಿವಾರ ಪಂದ್ಯಗಳ ಜಾತ್ರೆ. ಆ ರಾತ್ರಿ ನಮ್ಮ ಒಳ್ಳೆಯ ಆಟಗಾರರಲ್ಲೇ ಇಬ್ಬರು ಮೂವರನ್ನು ಜಾಗ ಸಾಲದೆ ಹೊರಗೆ ಕೂರಿಸಬೇಕಾಗುತ್ತದೆ, ಸೋಮವಾರ ಬುಧವಾರ ಜಾಗ ಖಾಲಿ ಬಿದ್ದಿರುತ್ತದೆ. ಕೊನೆಯ ವಾರದ ತೊಂದರೆ ಇನ್ನೂ ದೊಡ್ಡದು. ಪ್ಲೇ ಆಫ್ ಸ್ಥಾನ ಖಚಿತವಾದ ತಂಡಗಳು ತಾರಾ ಆಟಗಾರರಿಗೆ ವಿಶ್ರಾಂತಿ ಕೊಡುತ್ತವೆ. ನಮ್ಮ ಫೈನಲ್ ಬೀಳುವುದು ಸರಿಯಾಗಿ ಆ ವಾರವೇ. ಅಂಕಪಟ್ಟಿಯ ಮೊದಲ ಸ್ಥಾನದಲ್ಲಿರುವ ಮನೆಯ ಆಟಗಾರರೆಲ್ಲ ಅಂಥ ತಂಡಗಳಲ್ಲೇ ಇದ್ದರೆ ಅವರನ್ನು ನಾನು ಮೊದಲು ಇಡಲಾರೆ. ಇದನ್ನೆಲ್ಲ ತೂಗಿ ಬರೆಯುವ ಪಟ್ಟಿ ಇದು. ಹಾಗಾಗಿ ‘ಬಲಾಬಲ’ದ ಜೊತೆಗೆ ಅದು ಅಂದಾಜು ಎಂಬುದೂ ಕಾಣಬೇಕು.

ಬಸು, ಹುಬ್ಬಳ್ಳಿ:

ಹಂಗಿದ್ರ ‘ಬಲಾಬಲದ ಅಂದಾಜು’ ಅಂತ ಹಾಕ್ರಿ, ಮುಗೀತು. ಎಲೆಕ್ಷನ್ ಆದಮ್ಯಾಲಿನದು ಬಲಾಬಲ, ಮುಂಚಿನದು ಅಂದಾಜು. ನನ್ನ ತಕರಾರು ವಾಪಸ್. ನಿಕಾಲಿ ಮಾತ್ರ ಬಿಡಂಗಿಲ್ಲ.

ಡಿ.ಎಂ., ಬೆಂಗಳೂರು:

ಚೆನ್ನಾಗಿದೆ. ತಲೆಬರಹದಲ್ಲೂ ಕೂರುತ್ತದೆ.

ಪಿ.ಎಲ್., ತುಮಕೂರು:

ಅಂದಾಜು ಪಾರಸಿ, ಬಲಾಬಲ ಸಂಸ್ಕ್ರುತ. ನಡುವಿನ ‘ದ’ ಒಂದೇ ಕನ್ನಡ. ಎರವಲಿನ ಬಗ್ಗೆ ಬೇರೆ ಓಲೆ ತೆಗೆಯುತ್ತೇನೆ. ಇಲ್ಲಿ ಇನ್ನು ಬರೆಯುವುದಿಲ್ಲ.

ಎಸ್.ವಿ., ಬ್ರಾಂಪ್ಟನ್:

ಎಲ್ಲರಿಗೂ ಮನಸಾರೆ ಧನ್ಯವಾದ. ಪುಟ ಈಗ ತಾನೇ ಕಳಿಸಿದೆ. ತಲೆಬರಹ: ‘ಐಸ್ ಹಾಕಿ ಪ್ಲೇ ಆಫ್: ಆರು ತಂಡಗಳ ಬಲಾಬಲದ ಅಂದಾಜು’. ಪ್ಲೇ ಆಫ್ ಅನ್ನು ಬದಲಿಸಲಿಲ್ಲ. ಐಪಿಎಲ್ ನೋಡಿದ ಅಜ್ಜಿಯಂದಿರಿಗೆ ಅದು ಚೆನ್ನಾಗಿ ಗೊತ್ತು. ಒಳಗೆ ಸೀಡಿಂಗ್‌ಗೆ ಶ್ರೇಯಾಂಕ, ಪಟ್ಟಿಗೆ ಅಂಕಪಟ್ಟಿ. ನಾಲ್ಕನೆಯ ತಂಡದ ಮೇಲೆ ಬರೆದದ್ದು ಹೀಗಿದೆ:

‘ಅಂಕಪಟ್ಟಿಯಲ್ಲಿ ನಾಲ್ಕನೆಯವರು, ಶ್ರೇಯಾಂಕವೂ ನಾಲ್ಕು, ಬೈ ಇಲ್ಲ. ಆದರೂ ನಮ್ಮ ಅಂದಾಜಿನಲ್ಲಿ ಇವರೇ ಮೊದಲು. ಗೋಲ್‌ಕೀಪರ್‌ಗಳಿಬ್ಬರೂ ಇನ್ನೂ ಪ್ಲೇ ಆಫ್ ಸ್ಥಾನಕ್ಕಾಗಿ ಹೋರಾಡುತ್ತಿರುವ ತಂಡಗಳವರು, ಕೊನೆಯ ವಾರ ಅವರನ್ನು ಯಾರೂ ಕೂರಿಸುವುದಿಲ್ಲ. ಸೋಮವಾರ, ಬುಧವಾರ ಆಡುವ ಆಟಗಾರರೂ ಇವರ ಬಳಿಯೇ ಹೆಚ್ಚು. ನಿಕಾಲಿ ಆಗುವ ತನಕ ಇವರು ಕಣ ಬಿಡುವವರಲ್ಲ.’

ಹುಬ್ಬಳ್ಳಿಯವರ ಪದ ಆ ಕೊನೆಯ ಸಾಲಿನಲ್ಲಿ ಸೇರಿದೆ. ಯಾರ ತಂಡದಲ್ಲೂ ಇಲ್ಲದ ಆಟಗಾರರನ್ನು ನಡುವೆ ಸೇರಿಸಿಕೊಳ್ಳುವ ‘ವೇವರ್’ಗೂ ಒಂದು ಪದ ಬೇಕು. ಅದನ್ನು ಅಕ್ಟೋಬರ್‌ನಲ್ಲಿ, ಆಯ್ಕೆ ಶುರುವಾಗುವ ಮೊದಲು ಕೇಳುತ್ತೇನೆ.