ಪದವಿನಿಂದ ಗ್ರಾವೆಲ್ ಮಣ್ಣು ತೆಗೆಯುತ್ತಾರಂತೆ, ಶುರುವಾಗುವ ಮೊದಲು ನಾವು ಏನು ನೋಡಿಡಬೇಕು?

ಪದವಿನಕರೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ಹಿಂದೆ ಗುಡ್ಡೆ, ಗುಡ್ಡೆ ಮೇಲೆ ಪದವು, ಅಂದರೆ ಮುರಕಲ್ಲಿನ ಬಯಲು. ಅಲ್ಲಿ ಸುಮಾರು ಮೂರು ಎಕರೆ ಜಾಗದಿಂದ ಹೆದ್ದಾರಿ ಕೆಲಸಕ್ಕೆ ಗ್ರಾವೆಲ್ ಮಣ್ಣು ತೆಗೆಯಲು ಅರ್ಜಿ ಹಾಕಿದ್ದಾರೆ, ಮುಂದಿನ ವಾರ ಆಫೀಸಿನವರು ಜಾಗ ನೋಡಲು ಬರುತ್ತಾರಂತೆ. ಕೆಳಗೆ ನಮ್ಮ ಅಡಿಕೆ ತೋಟ, 14 ಕೋಲು (ನಮ್ಮ ಕಡೆಯ ಹಳೆ ಅಳತೆ) ಆಳದ ಒಂದು ಬಾವಿ, ಮತ್ತೆ ನೀರಿಗಾಗಿ ಅಜ್ಜ ಗುಡ್ಡೆಯೊಳಗೆ ಅಡ್ಡಕ್ಕೆ ತೋಡಿಸಿದ ಸುರಂಗ. ಈ ಏಪ್ರಿಲ್‌ನಲ್ಲೂ ಸುರಂಗದ ನೀರು ನಿಂತಿಲ್ಲ, ಕುಡಿಯಲು ಅದೇ, ತೋಟಕ್ಕೂ ಅದೇ. ಜಾಗ ಕೊಡಿಸಿದ ಬ್ರೋಕರ್ ಬಂದು "ರಸ್ತೆಗೆ ಮಣ್ಣು ಅಲ್ವಾ, ಪರಿಸರ ಅನುಮತಿ ಏನೂ ಬೇಡ, ನಿಮ್ಮ ನೀರಿಗೆ ಏನೂ ಆಗುವುದಿಲ್ಲ" ಎಂದು ಹೇಳಿ ಹೋದರು. ನನಗೆ ಜಗಳ ಬೇಡ. ಆದರೆ ಆಫೀಸಿನವರು ಬಂದಾಗ ಸುಮ್ನೆ ನಿಂತು ನೋಡಲೂ ಮನಸ್ಸಿಲ್ಲ. ಏನು ಕೇಳಬೇಕು, ಏನು ತೋರಿಸಬೇಕು?

ಬಾಯಾರು ಕೃಷಿಕ:
ಅಣ್ಣ, ಒಂದೇ ಮಾತು. ಈ ವಾರವೇ ನೀರು ಅಳೆದಿಡಿ. ನಮ್ಮ ಮೇಲಿನ ಗುಡ್ಡೆಯಲ್ಲಿ ಮಣ್ಣು ತೆಗೆದು ಎರಡನೇ ಬೇಸಗೆಗೆ ನಮ್ಮ ಸುರಂಗ ಒಣಗಿತು. ದೂರು ಕೊಡಲು ಹೋದರೆ ಅವರು ಕೇಳಿದ್ದು ಒಂದೇ ಪ್ರಶ್ನೆ, "ಮೊದಲು ಎಷ್ಟು ನೀರಿತ್ತು?" ನಾನು ಹುಟ್ಟಿದಾಗಿನಿಂದ ಕುಡಿದ ನೀರು, ಆದರೆ ಎಷ್ಟಿತ್ತು ಎಂದು ತೋರಿಸಲು ಒಂದು ಚೀಟಿ ಇರಲಿಲ್ಲ. ಮಳೆ ಕಡಿಮೆಯಾಗಿರಬೇಕು ಎಂದು ಬರೆದು ಮುಗಿಸಿದರು. ಈಗಲೂ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ.

ಬಾವಿಕಟ್ಟೆಯ ಮೇಲೆ ಒಂದು ಕಡೆ ಪೇಂಟಿನ ಗುರುತು ಹಾಕಿ. ಬೆಳಿಗ್ಗೆ ಪಂಪ್ ಹಾಕುವ ಮೊದಲು, ಟೇಪಿಗೆ ಭಾರ ಕಟ್ಟಿ ಆ ಗುರುತಿನಿಂದ ನೀರಿನವರೆಗೆ ಅಳೆಯಿರಿ. ಕೋಲಿನ ಲೆಕ್ಕ ಬೇಡ, ಮೀಟರಿನಲ್ಲಿ ಬರೆಯಿರಿ. ಸುರಂಗದ ನೀರಿಗೆ 10 ಲೀಟರಿನ ಕೊಡ ಹಿಡಿದು ತುಂಬಲು ಎಷ್ಟು ಸೆಕೆಂಡು ಬೇಕು ನೋಡಿ, ಮೊಬೈಲಿನಲ್ಲಿ ವಿಡಿಯೋ ಮಾಡಿ. ಮೇ ಕೊನೆಗೆ ಮತ್ತೊಮ್ಮೆ, ಮಳೆ ಬಿಟ್ಟ ಮೇಲೆ ಇನ್ನೊಮ್ಮೆ. ನೆರೆಕರೆಯ ಎಲ್ಲ ಬಾವಿಗಳಿಗೂ ಹೀಗೆಯೇ ಮಾಡಿ, ಅಳೆಯುವಾಗ ವಾರ್ಡ್ ಮೆಂಬರನ್ನು ಕರೆದು ಅವರ ಸಹಿ ತೆಗೆದುಕೊಳ್ಳಿ.

ಮುರಕಲ್ಲು (ಸಿವಿಲ್ ಎಂಜಿನಿಯರ್):
ಮೇಲಿನವರು ಹೇಳಿದ್ದು ಪೂರ್ತಿ ಸರಿ. ಯಾಕೆ ಹೀಗಾಗುತ್ತದೆ ಎಂದು ಹೇಳುತ್ತೇನೆ, ಆಫೀಸಿನವರ ಹತ್ತಿರ ಮಾತಾಡುವಾಗ ಉಪಯೋಗಕ್ಕೆ ಬರುತ್ತದೆ. ನಮ್ಮ ಗುಡ್ಡೆಗಳ ಮೇಲೆ ಮುರಕಲ್ಲು (ಲ್ಯಾಟರೈಟ್), ಅದರ ತುಂಬ ತೂತು, ಮಳೆ ನೀರನ್ನು ಕುಡಿಯುತ್ತದೆ. ಅದರ ಅಡಿಯಲ್ಲಿ ಜೇಡಿ ಮಣ್ಣು. ನೀರು ಜೇಡಿಯಲ್ಲಿ ಬೇಗ ಇಳಿಯದೆ ಅದರ ಮೇಲೆ ನಿಲ್ಲುತ್ತದೆ, ಸುರಂಗಕ್ಕೆ ಬರುವುದು ಆ ನೀರೇ. ಮೇಲಿನ ಪದರವನ್ನು ಕೆರೆದು ಸಾಗಿಸಿದರೆ ಮಳೆ ನೀರು ಒಳಗೆ ಹೋಗದೆ ಕೆಸರಾಗಿ ನಿಮ್ಮ ತೋಟಕ್ಕೆ ಬರುತ್ತದೆ. ಜೇಡಿ ಕಾಣುವಷ್ಟು ಕಡಿದರೆ ಗುಡ್ಡೆ ಜರಿಯುವ ಭಯವೂ ಇದೆ. 2025ರ ಮಳೆಗಾಲದಲ್ಲಿ ಚೆರ್ವತ್ತೂರಿನ ವೀರಮಲೆ ಗುಡ್ಡೆ ಹೆದ್ದಾರಿಗೆ ಜರಿದದ್ದನ್ನು ನಾವೆಲ್ಲ ನೋಡಿದ್ದೇವೆ.

ತುಂಬಾ ಜನ ಮರೆಯುವ ವಿಷಯ ಒಂದಿದೆ. ಮಣ್ಣು ತೆಗೆಯುವ ಹೊಂಡಕ್ಕೂ ಸುರಂಗಕ್ಕೂ ಇರುವ ದೂರವನ್ನು ಸುರಂಗದ ಬಾಯಿಯಿಂದ ಅಳೆಯುತ್ತಾರೆ. ಸುರಂಗ ಒಳಗೆ ಎಷ್ಟು ದೂರ, ಯಾವ ದಿಕ್ಕಿಗೆ ಹೋಗಿದೆ ಎಂದು ಯಾರೂ ಕೇಳುವುದಿಲ್ಲ. ಅದರ ಕೊನೆ ಸರಿಯಾಗಿ ಆ ಮೂರು ಎಕರೆಯ ಅಡಿಯಲ್ಲೇ ಇರಬಹುದು! ಹಗ್ಗ ಹಿಡಿದು ಉದ್ದ ಅಳೆಯಿರಿ, ಮೊಬೈಲಿನ ದಿಕ್ಸೂಚಿಯಲ್ಲಿ ದಿಕ್ಕು ನೋಡಿ, ಪದವಿನ ಮೇಲೆ ಅಷ್ಟೇ ದೂರ ನಡೆದು ಗೂಟ ಹೊಡೆಯಿರಿ. ಆಫೀಸಿನವರಿಗೆ ಮೊದಲು ತೋರಿಸಬೇಕಾದದ್ದು ಆ ಗೂಟವನ್ನು. ಆದರೆ ಒಬ್ಬರೇ ಒಳಗೆ ಹೋಗಬೇಡಿ ಮಾರಾಯ್ರೆ, ಹಳೆ ಸುರಂಗದಲ್ಲಿ ಉಸಿರುಗಟ್ಟುತ್ತದೆ. ತೋಡಿ ಅಭ್ಯಾಸ ಇರುವವರನ್ನು ಕರೆಯಿರಿ.

ಹೊಂಡದ ಬದಿಯನ್ನು ಹೇಗೆ ಕಡಿಯುತ್ತಾರೆ ಎಂದೂ ಕೇಳಿ. 1961ರ ಗಣಿ ನಿಯಮಗಳ ಪ್ರಕಾರ ಇಂಥ ಮೆದು ಮಣ್ಣಿನಲ್ಲಿ ಇಳಿಜಾರು 45 ಡಿಗ್ರಿ ಮೀರಬಾರದು, ಇಲ್ಲವೇ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಒಂದು ಮೆಟ್ಟಿಲು 1.5 ಮೀಟರಿಗಿಂತ ಎತ್ತರ ಇರಬಾರದು. ಗೋಡೆಯ ಹಾಗೆ ನೇರ ಕಡಿದರೆ ಒಪ್ಪಬೇಡಿ.

ನಿವೃತ್ತ ಗುಮಾಸ್ತ:
ಬ್ರೋಕರ್ ಹೇಳಿದ್ದನ್ನು ನಂಬಬೇಡಿ. ರಸ್ತೆಯಂಥ ಕೆಲಸದ ಮಣ್ಣಿಗೆ 2020ರಲ್ಲಿ ಕೇಂದ್ರ ಕೊಟ್ಟಿದ್ದ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಆಮೇಲೆ ಕೇಂದ್ರ ನಿಯಮವನ್ನು ಮತ್ತೆ ತಿದ್ದಿದೆ, ಆದರೆ ಅದಕ್ಕೂ ಷರತ್ತುಗಳಿವೆ. ಜಾಗ ಸಣ್ಣದು ಎಂದೂ ಜಾರಿಕೊಳ್ಳಲು ಬಿಡಬೇಡಿ, 5 ಹೆಕ್ಟೇರಿಗಿಂತ ಕಡಿಮೆ ಇದ್ದರೂ ಪರಿಸರ ಅನುಮತಿ ಬೇಕು ಎಂದು 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಯಾವ ಷರತ್ತಿನ ಮೇಲೆ ತೆಗೆಯುತ್ತೀರಿ, ಕಾಗದ ತೋರಿಸಿ ಎಂದಷ್ಟೇ ಕೇಳಿ. ಗಣಿ ಯೋಜನೆಯ (ಮಣ್ಣು ಹೇಗೆ ತೆಗೆಯುತ್ತಾರೆ ಎಂಬ ಕಾಗದದ) ಪ್ರತಿಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿ ಕನ್ನಡದಲ್ಲೇ ಬರೆಯಿರಿ. ಕಾಸರಗೋಡಿನ ಕನ್ನಡಿಗರಾದ ನಮಗೆ ಆ ಹಕ್ಕು ಇದೆ, ಬಳಸದಿದ್ದರೆ ಅದೂ ಹೋಗುತ್ತದೆ.

ಜಾಗ ನೋಡುವ ದಿನ ನಾಲ್ಕು ಮೂಲೆಗೂ ಕಲ್ಲು ನೆಟ್ಟಿದ್ದಾರಾ ನೋಡಿ, ಒಂದೊಂದರ ಹತ್ತಿರವೂ ನಿಂತು ಲೊಕೇಶನ್ ಬರುವ ಹಾಗೆ ಫೋಟೋ ತೆಗೆಯಿರಿ. ಆಮೇಲೆ ಕಲ್ಲು ನಡೆಯುತ್ತದೆ.

ಅಡಿಕೆಮರ:
ಜಾಗ ಕೊಟ್ಟವರನ್ನು ಬೈಯಬೇಡಿ ಎಂದು ನನ್ನದೊಂದು ಕೋರಿಕೆ. ನಮ್ಮ ಮಾವ ಕೂಡ ಮಗಳ ಮದುವೆಯ ಸಾಲಕ್ಕೆ ಜಾಗ ಕೊಟ್ಟವರೇ. ಅವರ ಮನೆಯ ಬಾವಿಯೂ ಅದೇ ಗುಡ್ಡೆಯ ಅಡಿಯಲ್ಲಿದೆ. ಅವರನ್ನೂ ಅಳೆಯಲು ಕರೆಯಿರಿ.

ಪದವಿನಕರೆ:
ಎಲ್ಲರಿಗೂ ತುಂಬಾ ಉಪಕಾರ. ಇವತ್ತು ಬೆಳಿಗ್ಗೆ ಬಾವಿ ಅಳೆದೆವು, ಕಟ್ಟೆಯಿಂದ ನೀರಿಗೆ 8.6 ಮೀಟರ್. ಸುರಂಗದಲ್ಲಿ ಕೊಡ ತುಂಬಲು 52 ಸೆಕೆಂಡು. ಸುರಂಗ ತೋಡುತ್ತಿದ್ದ ಅಜ್ಜನೊಬ್ಬರು ಊರಲ್ಲೇ ಇದ್ದಾರೆ, ಅವರೂ ಮಗನೂ ನಾಳೆ ಹಗ್ಗ ಹಿಡಿದು ಬರುತ್ತಾರೆ. ಜಾಗ ಕೊಟ್ಟವರಿಗೂ ಫೋನ್ ಮಾಡಿದೆ, ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದರು.