ಅಪ್‌ಡೇಟ್: ಓವನ್‌ನ ಹಂತಗಳು ಈಗ ಸರಿಯಾಗಿ ನಡೆಯುತ್ತಿವೆ

ಮಂಗಳೂರಿನ ನಮ್ಮ ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಮಣ್ಣು ಒಣಗಿಸುವ ಓವನ್ ಬಗ್ಗೆ ಇಲ್ಲಿ ಕೇಳಿದ್ದೆ. ಮೊದಲು 60 ಡಿಗ್ರಿಯಲ್ಲಿ ಅರ್ಧ ಗಂಟೆ, ಬಳಿಕ 105ಕ್ಕೆ ಏರಿ ರಾತ್ರಿಯಿಡೀ ಎಂದು ಕಂಟ್ರೋಲರ್‌ಗೆ (ಕಾವನ್ನು ನಿಯಂತ್ರಿಸುವ ಸಾಧನಕ್ಕೆ) ಹೇಳಿದರೂ, ಒಳಗಿನ ಕಾವು 60 ಮುಟ್ಟುವ ಮೊದಲೇ ಆ ಹಂತ ಮುಗಿದುಹೋಗುತ್ತಿತ್ತು. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ತೊಂದರೆ ನೀಗಿದೆ.

ಕಂಟ್ರೋಲರ್ ಹಂತ ಬದಲಿಸುತ್ತಿದ್ದುದು ಗಡಿಯಾರ ನೋಡಿ, ಸೆನ್ಸರ್ ನೋಡಿ ಅಲ್ಲ. ಮಳೆಗಾಲದ ಮುರಕಲ್ಲು ಮಣ್ಣು ಟ್ರೇಗಳಲ್ಲಿ ತುಂಬಿದ್ದಾಗ ನೀರು ಆವಿಯಾಗಲೇ ಬಹಳಷ್ಟು ಶಾಖ ಹೋಗುತ್ತದೆ. ಖಾಲಿ ಓವನ್‌ನಲ್ಲಿ ಸರಿಯಿದ್ದ ಲೆಕ್ಕ ಆಗ ನಿಲ್ಲುವುದಿಲ್ಲ. ನೀವು ಸೂಚಿಸಿದ ‘ವೇಟ್’ ಸೆಟ್ಟಿಂಗ್ ಮೆನುವಿನ ಒಳಪದರದಲ್ಲಿ ಸೊನ್ನೆಯಲ್ಲಿತ್ತು, ಅಂದರೆ ಕಾಯುವುದೇ ಬೇಡ ಎಂದು. ಅದಕ್ಕೆ 2 ಡಿಗ್ರಿ ಕೊಟ್ಟೆ. ಈಗ ಒಳಗಿನ ಕಾವು ತೋರಿಸುವ ಕೆಂಪು ಅಂಕಿ 58 ಮುಟ್ಟುವವರೆಗೂ ಹಂತದ ಸಮಯ ಅಲುಗಾಡುವುದಿಲ್ಲ. ಅಲ್ಲಿಂದ ನಿಮಿಷಗಳು ಇಳಿಯತೊಡಗುತ್ತವೆ. ನೋಡಿ ನಿಜಕ್ಕೂ ಖುಷಿಯಾಯಿತು.

ಟ್ರೇಗಳನ್ನು ಇಟ್ಟುಕೊಂಡೇ 105ರಲ್ಲಿ ಆಟೋಟ್ಯೂನ್ (ಕಂಟ್ರೋಲರ್ ತನ್ನನ್ನು ತಾನೇ ಹೊಂದಿಸಿಕೊಳ್ಳುವ ಕ್ರಮ) ಓಡಿಸಿದ್ದರಿಂದ ಕಾವು ಗುರಿ ದಾಟಿ ಮೇಲೇರುವುದೂ ತಗ್ಗಿತು. ಮೇಲಿನ ಗಾಳಿಕಿಂಡಿ ತೆರೆದಿಡಿ ಎಂದವರ ಮಾತೂ ನಿಜ, ಮುಚ್ಚಿದರೆ ಆವಿ ಒಳಗೇ ಉಳಿಯುತ್ತದೆ.

ಕೊನೆಯಲ್ಲಿ 40ಕ್ಕೆ ಇಳಿಸುವ ಹಂತವನ್ನು ಮಾತ್ರ ಕೈಬಿಟ್ಟೆ. ತಂಪು ಮಾಡುವ ಸಾಧನವೇ ಇಲ್ಲದ ಓವನ್‌ಗೆ ಅದು ವ್ಯರ್ಥ. ಅಲ್ಲದೆ ನಮ್ಮ ಕರಾವಳಿಯ ತೇವದಲ್ಲಿ ತಣಿಯುತ್ತಿರುವ ಮಣ್ಣು ಮತ್ತೆ ನೀರು ಹೀರುತ್ತದೆ. ಹಾಗಾಗಿ ಮಣ್ಣಿನ ಡಬ್ಬಿಗಳನ್ನು ಬಿಸಿಯಿರುವಾಗಲೇ ಮುಚ್ಚಿ ಡೆಸಿಕೇಟರ್‌ನಲ್ಲಿ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆ) ಇಟ್ಟು, ತಣಿದ ಮೇಲೆ ತೂಗುತ್ತಿದ್ದೇವೆ.